ಕೊಟ್ಟ ಮಗು, ಕೊಂಡ ಮಗು

ಕಳೆದ ವರ್ಷ ಶ್ರಾವಣದ ಒಂದು ಭಾನುವಾರ ಐರೋಲಿಯ ನಮ್ಮ ಮನೆಗೆ ಗಂಡ ಹೆಂಡತಿ ಇಬ್ಬರು ಬಂದರು. ಅವನು ನನ್ನ ತಂಡದಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ ಹುಡುಗ, ವಿಜಯಪುರ ಜಿಲ್ಲೆಯವನು. ಹುಡುಗ ಅನ್ನುವುದು ನಮ್ಮ ಆಫೀಸಿನ ರೂಢಿ, ವಯಸ್ಸು ಮೂವತ್ತೆಂಟು. ಅವಳು ಡೊಂಬಿವಲಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಕೈಯಲ್ಲಿ ಅಮೀನಗಡದ ಕರದಂಟಿನ ಡಬ್ಬಿ. ಮಳೆ, ಲೋಕಲ್ ರೈಲು, ಊರ ಕಡೆಯ ತೊಗರಿ ಬೆಳೆ ಎಲ್ಲ ಮಾತಾಡಿ ಮುಗಿದ ಮೇಲೆ ಅವನು ಮೆಲ್ಲಗೆ ವಿಷಯ ತೆಗೆದ.

"ಸರ, ಒಂದು ಕೂಸು ದತ್ತಕ ತಗೊಳ್ಳಾಕತ್ತೀವ್ರಿ. ಖರ್ಚಿಗೆ ಎರಡು ಲಕ್ಷ ಕಡಿಮಿ ಬಿದ್ದಾವು. ವರ್ಷದಾಗ ತೀರಸ್ತೀನ್ರಿ."

ಐದು ವರ್ಷದಿಂದ ಅವರು ಪಟ್ಟ ಪಾಡು ನನಗೆ ಗೊತ್ತಿತ್ತು. ಎರಡು ಸಲ ಐವಿಎಫ್ ಮಾಡಿಸಿ, ಪರ್ಸನಲ್ ಲೋನ್ ಮೇಲೆ ಲೋನ್ ತೆಗೆದು, ಎರಡು ಸಲವೂ ಬರಿಗೈಯಲ್ಲಿ ವಾಪಸಾದವರು. ನನ್ನ ಹೆಂಡತಿಗಂತೂ ಸುದ್ದಿ ಕೇಳಿ ಕಣ್ಣು ತುಂಬಿತು. ನಾನು ಹೂಂ ಅನ್ನುವವನೇ. ಆದರೆ ಹದಿನೈದು ವರ್ಷ ಪ್ರಾಜೆಕ್ಟ್ ಬಜೆಟ್ ನೋಡಿದ ಚಟ ನೋಡಿ, ಯಾವುದಕ್ಕೆ ಎಷ್ಟು ಎಂದು ಕೇಳಿಬಿಟ್ಟೆ. ಒಟ್ಟು ನಾಲ್ಕು ಲಕ್ಷವಂತೆ. ನರ್ಸಿಂಗ್ ಹೋಮ್ ಒಂದರ ಆಯಾ ಪರಿಚಯವಾಗಿದ್ದಾಳಂತೆ. ಮದುವೆಯಾಗದ ಹುಡುಗಿಯೊಬ್ಬಳ ಹೆರಿಗೆ ಮುಂದಿನ ತಿಂಗಳು. ಜನನ ಪ್ರಮಾಣಪತ್ರ ನೇರವಾಗಿ ಇವರ ಹೆಸರಿಗೇ ಬರುತ್ತದಂತೆ. ಮುಂಗಡ ಇಪ್ಪತ್ತು ಸಾವಿರ ಆಗಲೇ ಕೊಟ್ಟಾಗಿದೆ.

ನಾನು ಸುಮ್ಮನಾದದ್ದನ್ನು ನೋಡಿ ಅವಳು ನನ್ನ ಹೆಂಡತಿಯ ಕಡೆ ತಿರುಗಿದಳು. "ವೈನಿ, ಆ ತಾಯಿಗೆ ರೊಕ್ಕ ಬೇಕಾಗೇತಿ. ನಮಗ ಕೂಸು ಬೇಕಾಗೇತಿ. ಇದ್ರಾಗ ತಪ್ಪೇನೈತ್ರಿ?"

ಒಂದು ವಾರ ಸಮಯ ಕೊಡಿ ಎಂದೆ. ಅವಳ ಪ್ರಶ್ನೆಗೆ ಆ ಹೊತ್ತಿನಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. ಆ ವಾರ ಹಳೆಯ ಪುಸ್ತಕ, ಕಾಯಿದೆ, ತೀರ್ಪು ಅಂತ ತಿರುವಿ ಹಾಕಿದಾಗ ಗೊತ್ತಾಯಿತು, ಅವಳು ಕೇಳಿದ್ದು ಬಹಳ ಹಳೆಯ ಪ್ರಶ್ನೆ.

ಎಷ್ಟು ಹಳೆಯದೆಂದರೆ ಐತರೇಯ ಬ್ರಾಹ್ಮಣದಷ್ಟು. ಮಕ್ಕಳಿಲ್ಲದ ಹರಿಶ್ಚಂದ್ರ ವರುಣನಿಗೆ ಹರಕೆ ಹೊತ್ತು ಮಗನನ್ನು ಪಡೆಯುತ್ತಾನೆ. ಹುಟ್ಟಿದ ಮಗನನ್ನೇ ವರುಣನಿಗೆ ಬಲಿ ಕೊಡಬೇಕೆಂಬುದು ಕರಾರು. ಮಗ ರೋಹಿತ ಕಾಡಿಗೆ ಓಡಿಹೋಗಿ, ಅಲ್ಲಿ ಹಸಿವಿನಿಂದ ಕಂಗೆಟ್ಟ ಅಜೀಗರ್ತ ಎಂಬವನನ್ನು ಕಾಣುತ್ತಾನೆ. ಅವನಿಗೆ ಮೂವರು ಗಂಡುಮಕ್ಕಳು. ಹಿರಿಯನನ್ನು ಅಪ್ಪ ಬಿಡಲೊಲ್ಲ, ಕಿರಿಯನನ್ನು ಅವ್ವ ಬಿಡಲೊಲ್ಲಳು. ನಡುವಿನ ಶುನಃಶೇಪ ನೂರು ಹಸುಗಳಿಗೆ ಮಾರಾಟವಾಗುತ್ತಾನೆ. ಕಂಬಕ್ಕೆ ಕಟ್ಟಲು ಮತ್ತೆ ನೂರು, ಕಡಿಯಲು ಇನ್ನೂ ನೂರು ಕೊಟ್ಟರೆ ಆ ಕೆಲಸಕ್ಕೂ ಅಪ್ಪ ತಯಾರು. ಹುಡುಗ ದೇವತೆಗಳನ್ನು ಸ್ತುತಿಸಿ ಬದುಕಿಕೊಳ್ಳುತ್ತಾನೆ. ಆಗ ವಿಶ್ವಾಮಿತ್ರ ಅವನನ್ನು ಮಗನನ್ನಾಗಿ ಮಾಡಿಕೊಳ್ಳುತ್ತಾನೆ. ಅಪ್ಪ ವಾಪಸ್ ಕೇಳಲು ಬಂದರೆ ಹುಡುಗ ಹೋಗುವುದಿಲ್ಲ, ನನಗಿಂತ ನಿನಗೆ ಮುನ್ನೂರು ಹಸು ಹೆಚ್ಚಾದವಲ್ಲ ಎನ್ನುತ್ತಾನೆ.

ನಮಗೆ ಗೊತ್ತಿರುವುದು ರಾಘವಾಂಕನ ಹರಿಶ್ಚಂದ್ರ, ಹೆಂಡತಿ ಮಗನನ್ನು ಮಾರಬೇಕಾಗಿ ಬಂದವನು. ಈ ಹಳೆಯ ಕತೆಯಲ್ಲಿ ಅದೇ ಹೆಸರಿನ ಅರಸ ಕೊಂಡವರ ಕಡೆಗಿದ್ದಾನೆ. ಅಜೀಗರ್ತನಿಗೂ ಹಸಿವಿತ್ತು ಎಂಬುದನ್ನು ಕತೆ ಮರೆಮಾಚುವುದಿಲ್ಲ. ಆದರೂ ಅವನನ್ನು ಕ್ಷಮಿಸುವುದಿಲ್ಲ. ಇದು ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು.

ಆಮೇಲೆ ಬಂದ ಧರ್ಮಶಾಸ್ತ್ರಕಾರರು ಇದನ್ನೇ ಪಟ್ಟಿ ಮಾಡಿದರು. ಮನುವಿನ ಲೆಕ್ಕದಲ್ಲಿ ಮಕ್ಕಳು ಹನ್ನೆರಡು ಬಗೆ. ಹೆತ್ತವರು ನೀರೆರೆದು ಕೊಟ್ಟವನು ದತ್ತ, ಬೆಲೆ ಕೊಟ್ಟು ತಂದವನು ಕ್ರೀತ. ಎರಡೂ ಆಗ ಪಟ್ಟಿಯಲ್ಲಿದ್ದವು. ಮುಂದಿನ ಶಾಸ್ತ್ರಗಳು ಕಲಿಯುಗಕ್ಕೆ ಹೆತ್ತ ಮಗ ಮತ್ತು ದತ್ತ ಮಗ ಇಬ್ಬರು ಸಾಕು ಎಂದು ಉಳಿದವರನ್ನು ಕೈಬಿಟ್ಟವು. ಕ್ರೀತ ಹೊರಬಿದ್ದ. ನಮ್ಮ ಮಾತಿನ 'ದತ್ತು' ಎಂಬ ಪದದೊಳಗೇ ಕೊಟ್ಟದ್ದು ಎಂಬ ಅರ್ಥ ಕೂತಿದೆ.

ಹಾಗಂತ ದತ್ತಿನ ಸುತ್ತ ದುಡ್ಡು ಓಡಾಡಲಿಲ್ಲ ಎಂದಲ್ಲ. ಆಸ್ತಿ ಇದ್ದವರ ಮನೆಯಲ್ಲಿ ಮಗುವಿನ ಹೆತ್ತವರಿಗಿಂತ ಹೆಚ್ಚಾಗಿ ಸರ್ಕಾರಕ್ಕೆ ತೆರಬೇಕಿತ್ತು. ಪೇಶ್ವೆಗಳ ಕಾಲದಲ್ಲಿ ಸಂಸ್ಥಾನಿಕರು, ಇನಾಮದಾರರು ದತ್ತು ತೆಗೆದುಕೊಂಡರೆ ಮಂಜೂರಾತಿಗೆ ನಜರಾಣೆ ಸಲ್ಲಿಸಬೇಕಿತ್ತು. ಕಂಪನಿಯವರು ಆ ಅಧಿಕಾರವನ್ನು ಹಾಗೇ ಎತ್ತಿಕೊಂಡರು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ಸಾಯುವ ಮುನ್ನ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡ. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪಲಿಲ್ಲ. ಮುಂದಿನದು ನಮ್ಮ ಕಡೆಯ ಪ್ರತಿ ಮಗುವಿಗೂ ಗೊತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಪಡೆದಾಗಲೂ ಬ್ರಿಟಿಷರ ಒಪ್ಪಿಗೆ ಬರಲು ಎರಡು ವರ್ಷ ಹಿಡಿಯಿತು. ಇವೆಲ್ಲ ಪಾಠಪುಸ್ತಕದ ದತ್ತುಗಳು. ಸಣ್ಣ ಇನಾಮದಾರರ ಕತೆ ಅಷ್ಟು ಪ್ರಸಿದ್ಧವಲ್ಲ. ಧಾರವಾಡ, ಬೆಳಗಾವಿ, ಕಲಾದಗಿ (ಅಂದರೆ ಮುಂದಿನ ವಿಜಯಪುರ) ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. 1863ರ ಮುಂಬೈ ಕಾಯಿದೆಯೊಂದು, ಇನಾಮು ಭೂಮಿಯ ವಾರಸು ವಿಚಾರಿಸುವ ಹಕ್ಕನ್ನು ಸರ್ಕಾರ ಬಿಟ್ಟುಕೊಡುವುದಕ್ಕೆ ಪ್ರತಿಯಾಗಿ ವರ್ಷವರ್ಷ ನಜರಾಣೆ ಕಟ್ಟುವ ಪದ್ಧತಿ ತಂದಿತು. ದತ್ತಿಗೆ ಸರ್ಕಾರಿ ಶುಲ್ಕ ಎಂಬುದು ನಮ್ಮ ಕಡೆಗೆ ಹೊಸದೇನಲ್ಲ!

ಆದರೆ ಇಲ್ಲೆಲ್ಲ ಮಗು ಬರುತ್ತಿದ್ದದ್ದು ಬಳಗದೊಳಗಿಂದ. ಗಂಡುಮಗುವೇ ಆಗಬೇಕಿತ್ತು. ಹೆಣ್ಣುಮಗುವನ್ನು ದತ್ತು ತೆಗೆದುಕೊಂಡವರು ಅಳಿಯಸಂತಾನದ ಕರಾವಳಿಯ ಮನೆಗಳವರು, ಮತ್ತೆ ನಾಯಕಿಣಿಯರು. ನಾಯಕಿಣಿಯರ ದತ್ತಿನ ಪ್ರಶ್ನೆ 1880ರಲ್ಲಿ ಮುಂಬೈ ಹೈಕೋರ್ಟಿನ ಮುಂದೆ ಬಂತು. ಅಂಥ ದತ್ತಿಗೆ ಕಾನೂನಿನ ಮಾನ್ಯತೆ ಇಲ್ಲ ಎಂದು ನ್ಯಾಯಮೂರ್ತಿ ವೆಸ್ಟ್ ತೀರ್ಪಿತ್ತರು. ಎಳೆಯ ಹೆಣ್ಣುಮಕ್ಕಳು ಕಸುಬಿಗೆ ಬೀಳಬಾರದು ಎಂಬ ಕಾಳಜಿ ಸರಿಯೇ. ಆದರೆ ಇಳಿವಯಸ್ಸಿನಲ್ಲಿ ಸಾಕುಮಗಳನ್ನು ನಂಬಿದ್ದ ಹೆಂಗಸರು ಏನಾದರು ಎಂದು ಆ ಕಾಲ ಕೇಳಿಕೊಂಡಂತೆ ಕಾಣುವುದಿಲ್ಲ.

ಬಳಗವಿಲ್ಲದ, ಆಸ್ತಿಯಿಲ್ಲದ, ಯಾರದೆಂದು ಹೇಳಲಾಗದ ಮಗುವಿಗೆ ಖರ್ಚು ಹಾಕಿದವರು ಯಾರು? ನಾನು ಹುಡುಕುತ್ತಿದ್ದದ್ದು ಇದನ್ನು. ಅದು ಸಿಕ್ಕಿದ್ದು ಪುಣೆಯಲ್ಲಿ ಮತ್ತು ಪಂಢರಪುರದಲ್ಲಿ.

1863ರಲ್ಲಿ ಪುಣೆಯಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ತಮ್ಮ ಮನೆಯಲ್ಲೇ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ಬಸುರಾದ ವಿಧವೆಯರು ಗುಟ್ಟಾಗಿ ಬಂದು ಹೆತ್ತುಹೋಗಬಹುದು, ಮಗುವನ್ನು ಬಿಟ್ಟು ಹೋಗುವುದೋ ಒಯ್ಯುವುದೋ ಅವರಿಷ್ಟ. ಹಾಗೆ ಬಂದ ಕಾಶೀಬಾಯಿ ಎಂಬ ಬ್ರಾಹ್ಮಣ ವಿಧವೆಯ ಮಗುವನ್ನು ಮಕ್ಕಳಿಲ್ಲದ ಫುಲೆ ದಂಪತಿ ಸಾಕಿಕೊಂಡರು. ಅವನೇ ಯಶವಂತ. 1887ರಲ್ಲಿ ಜೋತಿರಾವ್ ಮೃತ್ಯುಪತ್ರ ಬರೆದು ಅವನನ್ನು ವಾರಸುದಾರನನ್ನಾಗಿ ಮಾಡಿದರು. 1890ರ ನವೆಂಬರಿನಲ್ಲಿ ಜೋತಿರಾವ್ ತೀರಿಕೊಂಡಾಗ ದತ್ತುಮಗ ಕ್ರಿಯೆ ಮಾಡಕೂಡದೆಂದು ಬಳಗದವರು ತಕರಾರು ತೆಗೆದರು. ಸಾವಿತ್ರಿಬಾಯಿಯೇ ಮಡಕೆ ಹಿಡಿದು ಮುಂದೆ ನಡೆದು ಚಿತೆಗೆ ಬೆಂಕಿಯಿಟ್ಟರು. ಯಶವಂತ ಡಾಕ್ಟರಾದ. 1897ರ ಪ್ಲೇಗಿನಲ್ಲಿ ತಾಯಿ ಮಗ ಇಬ್ಬರೂ ರೋಗಿಗಳ ಸೇವೆಗೆ ನಿಂತರು, ಸಾವಿತ್ರಿಬಾಯಿ ಅದರಲ್ಲೇ ಹೋದರು. ಆ ಮನೆಯಲ್ಲಿ ದುಡ್ಡು ಹೇರಳವಾಗಿರಲಿಲ್ಲ, ಆದರೂ ಹೆತ್ತವಳ ಬಾಣಂತನದ ಖರ್ಚು ಸಾಕಿದವರ ತಲೆಯ ಮೇಲೆಯೇ ಇತ್ತು. ಅದನ್ನು ಯಾರೂ ಬೆಲೆ ಎಂದು ಕರೆಯಲಿಲ್ಲ. ಯಾಕೆಂದರೆ ಕಾಶೀಬಾಯಿ ಮಗುವನ್ನು ಒಯ್ಯುತ್ತೇನೆ ಎಂದಿದ್ದರೂ ಆ ಖರ್ಚು ಅಷ್ಟೇ ಆಗುತ್ತಿತ್ತು.

ಪಂಢರಪುರ ನಮಗೆ ದೂರದ ಊರಲ್ಲ. ವಿಠ್ಠಲನನ್ನು ಕಾನಡಾ ಎಂದು ಮರಾಠಿ ಸಂತರೇ ಕರೆದರು. ಯಾತ್ರೆಯ ಊರಾದ್ದರಿಂದ ಯಾರಿಗೂ ಬೇಡವಾದ ಕೂಸುಗಳೂ ಅಲ್ಲಿ ಬಂದು ಬೀಳುತ್ತಿದ್ದವು. ಅಲ್ಲಿ ಸಬ್‌ಜಡ್ಜ್ ಆಗಿದ್ದ ಲಾಲಶಂಕರ ಉಮಿಯಾಶಂಕರ ಎಂಬ ಗುಜರಾತಿ ಅಧಿಕಾರಿ 1875ರಲ್ಲಿ ಅನಾಥಾಲಯ ಆರಂಭಿಸಿದರು. ಅದರ ಹೊಣೆ ಹೊತ್ತದ್ದು ಮುಂಬೈಯ ಪ್ರಾರ್ಥನಾ ಸಮಾಜ. ಗಿರಗಾಂವದಲ್ಲಿ ಕೂತ ವಕೀಲರು, ಮಾಸ್ತರರು, ಕಾರಕೂನರು ಚಂದಾ ಎತ್ತಿ ಭೀಮಾ ತೀರದ ಮಕ್ಕಳನ್ನು ಸಾಕಿದರು. ಅವರಲ್ಲೂ ಎಷ್ಟೋ ಜನ ಹೊರಗಿನಿಂದ ಹೊಟ್ಟೆಪಾಡಿಗೆ ಮುಂಬೈಗೆ ಬಂದವರೇ, ನಮ್ಮ ನಿಮ್ಮ ಹಾಗೆ.

ಮುಂಬೈಯಲ್ಲಿ ಇಂಥ ಸಂಸ್ಥೆಗಳು ಒತ್ತಾಗಿ ಕಾಣಿಸಿಕೊಂಡದ್ದು 1920ರ ದಶಕದಲ್ಲಿ. 1924ರಲ್ಲಿ ಮುಂಬೈ ಮಕ್ಕಳ ಕಾಯಿದೆ, 1927ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ, ಅದೇ ಹೊತ್ತಿಗೆ ಮಾಟುಂಗಾದಲ್ಲಿ ಶ್ರದ್ಧಾನಂದ ಮಹಿಳಾಶ್ರಮ. ಮಾಟುಂಗಾ ಎಂದರೆ ನಮಗೆ ಇಡ್ಲಿ, ಮಲ್ಲಿಗೆ, ಮೈಸೂರು ಅಸೋಸಿಯೇಷನ್. ಆ ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ, ಅದೂ ಅದೇ ದಶಕ. ಅಲ್ಲಿನ ನಾಟಕ, ಸಂಗೀತಕ್ಕೆ ಎಷ್ಟೋ ಸಲ ಹೋಗಿದ್ದೇನೆ. ಹತ್ತಿರದಲ್ಲೇ ಸುಮಾರು ನೂರು ವರ್ಷದಿಂದ ದಿಕ್ಕಿಲ್ಲದ ಹೆಂಗಸರಿಗೆ, ಮಕ್ಕಳಿಗೆ ಆಸರೆಯಾದ ಮನೆಯೊಂದಿದೆ ಎಂದು ಈ ಹುಡುಗ ಸಾಲ ಕೇಳುವ ತನಕ ನನಗೆ ಹೊಳೆದಿರಲಿಲ್ಲ. 1970ರಲ್ಲಿ ದತ್ತುವಿಗಾಗಿಯೇ ಒಂದು ಸಂಘ, ಇಂಡಿಯನ್ ಅಸೋಸಿಯೇಷನ್ ಫಾರ್ ಪ್ರಮೋಷನ್ ಆಫ್ ಅಡಾಪ್ಷನ್, ಇದೇ ಊರಿನಲ್ಲಿ ಕಟ್ಟಿಕೊಂಡಿತು.

ಇನ್ನು ಕಾಯಿದೆಗೆ ಬರೋಣ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಹೆಣ್ಣುಮಗುವಿನ ದತ್ತಿಗೆ ದಾರಿ ತೆರೆಯಿತು. ಅದರ 17ನೆಯ ಕಲಮು ಓದಿದಾಗ ಅಜೀಗರ್ತನೇ ನೆನಪಾದ: ದತ್ತಿಗೆ ಪ್ರತಿಫಲವಾಗಿ ಯಾರೂ ಹಣ ಕೊಡಕೂಡದು, ತೆಗೆದುಕೊಳ್ಳಕೂಡದು. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಪರಿಚಯದ ತಂದೆತಾಯಿ ತಾವಾಗಿ ಮಗುವನ್ನು ಕೊಟ್ಟು, ಇವರು ತೆಗೆದುಕೊಳ್ಳುವ ಹಳೆಯ ದಾರಿ ಹಿಂದೂಗಳಿಗೆ ಈಗಲೂ ಇದೆ, ನಡುವೆ ರೊಕ್ಕ ಇರಕೂಡದು ಅಷ್ಟೇ. ಉಳಿದ ಧರ್ಮದವರಿಗೆ ಬಹಳ ಕಾಲ 1890ರ ಕಾಯಿದೆಯ ಪೋಷಕತ್ವ ಮಾತ್ರ ಇತ್ತು, ಮಗು ಮಗುವಾಗುತ್ತಿರಲಿಲ್ಲ. ಎಲ್ಲರಿಗೂ ಒಂದೇ ದತ್ತು ಕಾಯಿದೆ ತರುವ ಮಸೂದೆ 1972ರಲ್ಲಿ, ಮತ್ತೆ 1980ರಲ್ಲಿ ಬಂದು ಬಿದ್ದುಹೋಯಿತು. 2000ದಲ್ಲಿ ಬಾಲನ್ಯಾಯ ಕಾಯಿದೆ ಬಂದ ಮೇಲೆಯೇ ಎಲ್ಲ ಧರ್ಮದವರಿಗೂ ಬಾಗಿಲು ತೆರೆದದ್ದು.

ಈ ನಡುವೆ ದತ್ತಿನ 'ಖರ್ಚು' ಅಂದರೆ ಏನು ಎಂದು ಮೊದಲ ಸಲ ಕೂತು ಲೆಕ್ಕ ಹಾಕಿದ್ದು ಸುಪ್ರೀಂ ಕೋರ್ಟು. ವಿದೇಶಿಯರಿಗೆ ಮಕ್ಕಳನ್ನು ಕೊಡುವ ಹೆಸರಿನಲ್ಲಿ ವ್ಯಾಪಾರ ನಡೆದಿದೆ ಎಂದು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಕೋರ್ಟಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಅರ್ಜಿ ಎಂದು ಎತ್ತಿಕೊಂಡು 1984ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ತೀರ್ಪು ಬರೆದರು. ಮಗುವನ್ನು ನೋಡಿಕೊಂಡ ಸಂಸ್ಥೆ ಅನ್ನ, ಔಷಧಿ, ಕಾಗದಪತ್ರಗಳ ನಿಜವಾದ ಖರ್ಚನ್ನು ಒಂದು ಮಿತಿಯೊಳಗೆ ವಸೂಲು ಮಾಡಬಹುದು, ಅದರ ಮೇಲೆ ಹೋದರೆ ಅದು ವ್ಯಾಪಾರ. ದತ್ತ ಮತ್ತು ಕ್ರೀತದ ನಡುವಿನ ಗೆರೆಗೆ ರೂಪಾಯಿಯ ಅಂಕಿ ಬಂದದ್ದು ಹೀಗೆ. ಆ ತೀರ್ಪಿನ ಬೆನ್ನಿಗೆ 1990ರಲ್ಲಿ ಕೇಂದ್ರ ದತ್ತು ಸಂಸ್ಥೆ ಹುಟ್ಟಿತು, ಎಲ್ಲರೂ 'ಕಾರಾ' ಅನ್ನುವುದು ಅದನ್ನೇ. 2015ರ ಆಗಸ್ಟಿನಿಂದ ನೋಂದಣಿ, ಸರದಿ ಎಲ್ಲ ಆನ್‌ಲೈನ್.

ಈಗಿನ ಶುಲ್ಕ ಕೇಳಿ. ಮನೆ ನೋಡಿ ವರದಿ ಬರೆಯಲು 6,000. ಮಗು ಬರುವಾಗ ಸಂಸ್ಥೆಯ ಮಕ್ಕಳ ನಿಧಿಗೆ 50,000. ಆಮೇಲೆ ಎರಡು ವರ್ಷ ಆರು ತಿಂಗಳಿಗೊಮ್ಮೆ ಬಂದು ನೋಡಿ ಹೋಗಲು ತಲಾ 2,000. ಒಟ್ಟು 64,000 ರೂಪಾಯಿ. ದೇಣಿಗೆ ಎಂದು ಒಂದು ಪೈಸೆ ಹೆಚ್ಚು ಕೇಳುವಂತಿಲ್ಲ. ಆಯಾ ಹೇಳಿದ್ದು ನಾಲ್ಕು ಲಕ್ಷ.

ಹಾಗಾದರೆ ಬುದ್ಧಿವಂತರೇ ಯಾಕೆ ನಾಲ್ಕು ಲಕ್ಷದ ಕಡೆ ಹೋಗುತ್ತಾರೆ? ಸಮಯಕ್ಕಾಗಿ. 2022ರಲ್ಲಿ ಸಂಸತ್ತಿನ ಸಮಿತಿಯೊಂದು ಕೊಟ್ಟ ಲೆಕ್ಕದಂತೆ ಹಿಂದಿನ ಡಿಸೆಂಬರಿನಲ್ಲಿ ಸರದಿಯಲ್ಲಿದ್ದ ಪೋಷಕರು 27,939. ಕಾನೂನು ಪ್ರಕಾರ ದತ್ತಿಗೆ ಸಿದ್ಧವಿದ್ದ ಮಕ್ಕಳು ಎರಡೂವರೆ ಸಾವಿರದೊಳಗೆ. ಕಾಯುವ ಕಾಲ ಮೂರು ವರ್ಷ. ಐವಿಎಫ್‌ನಲ್ಲಿ ಐದು ವರ್ಷ ಕಳೆದವರಿಗೆ ಮತ್ತೆ ಮೂರು ವರ್ಷ ಎಂದರೆ ಏನು ಎಂದು ಸ್ಪ್ರೆಡ್‌ಶೀಟ್ ಹೇಳುವುದಿಲ್ಲ.

ಇನ್ನೊಂದು ವಿಷಯ ನನ್ನದೇ ಮನೆಯ ಅಂಗಳದ್ದು. ನಮ್ಮಂಥ ಕಂಪನಿಗಳ ಗುಂಪು ವಿಮೆ ಹೆರಿಗೆಯ ಬಿಲ್ಲು ಕಟ್ಟುತ್ತದೆ. ನಮ್ಮ ಪಾಲಿಸಿಯ ಹಾಳೆಗಳನ್ನು ಪೂರ್ತಿ ತಿರುವಿದೆ, ದತ್ತು ಎಂಬ ಪದವೇ ಇರಲಿಲ್ಲ. 2017ರ ತಿದ್ದುಪಡಿ ಹೆತ್ತ ತಾಯಿಗೆ 26 ವಾರ ರಜೆ ಕೊಟ್ಟಿತು. ದತ್ತು ತಾಯಿಗೆ ಅದು ಆಗ ಕೊಟ್ಟದ್ದು 12 ವಾರ, ಅದೂ ಮಗು ಮೂರು ತಿಂಗಳೊಳಗಿನದಾಗಿದ್ದರೆ. ಹೆತ್ತವರು ಒಪ್ಪಿಸಿದ ಮಗುವಾದರೆ ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳು ಕೊಡಬೇಕು, ಆಮೇಲೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶ, ಸರದಿ, ವೈದ್ಯಕೀಯ ವರದಿ. ಮೂರು ತಿಂಗಳೊಳಗೆ ಮಗು ಕೈಗೆ ಬರುವುದೆಲ್ಲಿಂದ? ಈ ಕಲಮು ಬರೆದವರು ಕ್ಯಾಲೆಂಡರ್ ನೋಡಿದ್ದರೋ ಇಲ್ಲವೋ. ನಮ್ಮ ಹುಡುಗನಿಗೆ ಕಡಿಮೆ ಬಿದ್ದದ್ದು ಎಂದರೆ ಹೆರಿಗೆಗೆ ಎಲ್ಲರೂ ಸೇರಿ ಹೊರುವ ಇಂಥ ಖರ್ಚುಗಳೇ.

ಮುಂದಿನ ಭಾನುವಾರ ನಾವೇ ಡೊಂಬಿವಲಿಗೆ ಹೋದೆವು. ಎರಡು ಲಕ್ಷ ಕೊಡುವುದಿಲ್ಲ ಎಂದು ಹೇಳುವುದು ನಾನಂದುಕೊಂಡದ್ದಕ್ಕಿಂತ ಕಷ್ಟವಾಯಿತು. 2015ರ ಬಾಲನ್ಯಾಯ ಕಾಯಿದೆಯ 81ನೆಯ ಕಲಮು ಹೇಳಿದೆ: ಮಾರಿದವರಿಗಷ್ಟೇ ಅಲ್ಲ, ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ದಂಡ. ಆಸ್ಪತ್ರೆಯ ನೌಕರರು ಕೈಜೋಡಿಸಿದ್ದರೆ ಅವರಿಗೆ ಮೂರರಿಂದ ಏಳು ವರ್ಷ. ಅವನು ತಲೆ ತಗ್ಗಿಸಿ ಕೂತ. ಅವಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ಜೈಲಿನ ಮಾತು ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ಮಾತು ಮುಂದೆ ಒಯ್ದವಳು ನನ್ನ ಹೆಂಡತಿ. "ಆ ಹುಡುಗಿಗೆ ಎರಡು ತಿಂಗಳು ವಿಚಾರ ಮಾಡೂ ಹಕ್ಕೈತಂತ. ನಾವು ರೊಕ್ಕ ಕೊಟ್ಟು ಕೊಳ್ಳೂದು ಕೂಸನ್ನಲ್ಲವಾ, ಆಕಿಯ ಆ ಎರಡು ತಿಂಗಳನ್ನ."

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅವಳು ಎದ್ದು ಚಹಾ ಇಟ್ಟಳು.

ಆಯಾಗೆ ಕೊಟ್ಟ ಇಪ್ಪತ್ತು ಸಾವಿರ ವಾಪಸ್ ಬರಲಿಲ್ಲ. ಆ ಹುಡುಗಿ, ಆ ಮಗು ಏನಾದರು ಎಂದು ನಮಗೆ ತಿಳಿಯಲಿಲ್ಲ. ಅದು ಈಗಲೂ ನನ್ನನ್ನು ಕಾಡುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ನರ್ಸಿಂಗ್ ಹೋಮಿನ ವಿಷಯ ತಿಳಿಸಿದೆವು. ಅಷ್ಟು ಮಾಡಿದೆವು.

ಗಣೇಶ ಚತುರ್ಥಿಯ ಹೊತ್ತಿಗೆ ಇಬ್ಬರೂ ಕಾರಾದಲ್ಲಿ ನೋಂದಣಿ ಮಾಡಿಸಿದರು. ಪ್ಯಾನ್ ಕಾರ್ಡ್, ಮದುವೆಯ ಪ್ರಮಾಣಪತ್ರ, ವರಮಾನದ ದಾಖಲೆ, ವೈದ್ಯರ ಚೀಟಿ. ಮನೆ ನೋಡಲು ಬಂದ ಸಮಾಜ ಕಾರ್ಯಕರ್ತೆ ಒಂದೂವರೆ ತಾಸು ಕೂತು, ಸಾಲ ಎಷ್ಟಿದೆ, ಮಗುವಿಗೆ ಮುಂದೆ ದತ್ತಿನ ವಿಷಯ ಹೇಳುತ್ತೀರಾ, ಊರಿನವರು ಏನಂದಾರು, ಎಲ್ಲ ಕೇಳಿದರಂತೆ. ಆಸ್ತಿಗಾಗಿ ದತ್ತು ನಡೆಯುತ್ತಿದ್ದ ಕಾಲದಲ್ಲಿ ಮಗುವಿನ ಪರವಾಗಿ ಇಷ್ಟು ಪ್ರಶ್ನೆ ಕೇಳುವವರು ಇರಲಿಲ್ಲ. ಆ 6,000ವನ್ನು ಅವನೇ ಕಟ್ಟಿದ. ಐವತ್ತು ಸಾವಿರದ ಹೊತ್ತು ಬಂದಾಗ ನಮ್ಮ ಕನ್ನಡದ ಗೆಳೆಯರ ಗುಂಪು ಹೊರುತ್ತದೆ ಎಂದಿದ್ದೇವೆ, ಪ್ರಾರ್ಥನಾ ಸಮಾಜದವರ ಹಾಗೆ ಚಂದಾ ಎತ್ತಿ. "ಆವಾಗ ನೋಡೂಣ್ರಿ ಸರ" ಎಂದ. ಈಗ ತಿಂಗಳಿಗೆ ಎರಡು ಸಾವಿರದ ಆರ್‌ಡಿ ಕಟ್ಟುತ್ತಿದ್ದಾನೆ ಎಂದು ಬೇರೆಯವರಿಂದ ಗೊತ್ತಾಯಿತು.

ಮಗುವಿನ ವಿವರ ಬಂದರೆ ನಲವತ್ತೆಂಟು ತಾಸಿನೊಳಗೆ ಹೂಂ ಅನ್ನಬೇಕು. ಯಾವ ರಾಜ್ಯ, ಯಾವ ಊರು, ಯಾವ ತಿಂಗಳು ಎಂದು ಈಗ ಹೇಳಲಾಗದು. ಹೋದ ವಾರ ಮುಂದಿನ ರಿಲೀಸಿನ ಯೋಜನೆ ಬರೆಯುವಾಗ ಅವನ ಹೆಸರಿನ ಮುಂದೆ ಬದಲಿ ಆಳಿನ ಹೆಸರು ಸೇರಿಸಿದೆ. ಯಾವ ದಿನಾಂಕಕ್ಕೆ ಎಂದು ಕ್ಲೈಂಟ್ ಕಡೆಯವರು ಕೇಳಿದರು. ಆ ಕಾಲಂ ಖಾಲಿ ಬಿಡಿ ಎಂದೆ.